ಗೆಲುವಿಲ್ಲದ ಆಯ್ಕೆ: 2,048 ಬೈಟುಗಳ ಬೆನ್ನುಹತ್ತಿ

ಬ್ರಿಟನ್ನಿನ ಪಬ್‌ಗಳಲ್ಲಿ ಇಟ್ಟಿರುವ ಅನೇಕ ಜೂಜಿನ ಯಂತ್ರಗಳ, ಅಂದರೆ ಫ್ರೂಟ್ ಮಷೀನ್‌ಗಳ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಇರುತ್ತದೆ. ಗೆಲ್ಲುವ ಅವಕಾಶವೇ ಇಲ್ಲದ ಆಯ್ಕೆಯನ್ನೂ ಈ ಯಂತ್ರ ಕೆಲವೊಮ್ಮೆ ಆಟಗಾರನ ಮುಂದಿಡಬಹುದು ಎಂಬುದು ಅದರ ತಾತ್ಪರ್ಯ. ಯಂತ್ರ ತಯಾರಿಸಿದವರೇ ಇಂಥ ಮಾತನ್ನು ಅಚ್ಚು ಹಾಕಿಸಿರುವುದು ನನ್ನನ್ನು ಬಹಳ ದಿನ ಕಾಡಿತು. ಜೂಜಿನಲ್ಲಿ ಸೋಲು ಸಹಜ. ಆದರೆ ಎರಡು ಗುಂಡಿಗಳಲ್ಲಿ ಯಾವುದನ್ನು ಒತ್ತಿದರೂ ಸೋಲೇ ಎಂದಾದರೆ ಅದು ಆಯ್ಕೆಯೇ ಅಲ್ಲ. ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು: ಇದು ಹೊರಗಿನವರಿಗೆ ಗೊತ್ತಾದದ್ದು ಹೇಗೆ? ಯಂತ್ರದ ಎದುರು ನಿಂತವನು ಒಂದು ಗುಂಡಿಯನ್ನಷ್ಟೇ ಒತ್ತಬಲ್ಲ. ಒತ್ತದೆ ಬಿಟ್ಟ ಗುಂಡಿ ಏನು ಕೊಡುತ್ತಿತ್ತು ಎಂಬುದಕ್ಕೆ ಯಾವ ಸಾಕ್ಷಿಯೂ ಉಳಿಯುವುದಿಲ್ಲ. ಹಾಗಿದ್ದರೂ ಅಂಥ ಸಾಕ್ಷಿಯನ್ನು ಯಾರೋ ಒದಗಿಸಿದ್ದರು. ಅದರ ಜಾಡು ಹಿಡಿದು ಹೊರಟಾಗ ದಾರಿ ತಲುಪಿದ್ದು ಹಳೆಯ ಫ್ರೂಟ್ ಮಷೀನ್‌ಗಳನ್ನು ಕಂಪ್ಯೂಟರಿನೊಳಗೆ ಮತ್ತೆ ಓಡಿಸುವ ಹವ್ಯಾಸಿಗಳ ಕೆಲಸಕ್ಕೆ.

ಮೊದಲು ಹಳೆಯ, ಪೂರ್ತಿ ಯಾಂತ್ರಿಕವಾದ ಯಂತ್ರಗಳನ್ನು ನೋಡಬೇಕು, ಏಕೆಂದರೆ ಅಲ್ಲಿ ತಿಳಿಯುವ ದಾರಿ ನೇರವಾಗಿದೆ. ಮೂರು ರೀಲುಗಳ ‘ಲಿಬರ್ಟಿ ಬೆಲ್’ ಯಂತ್ರವನ್ನು ಮಾಡಿದವನು ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ ಎಂಬುದನ್ನು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಯಾವ ವರ್ಷ ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಕೆಲವು ಪುಸ್ತಕಗಳು 1895 ಎಂದರೆ ಇನ್ನು ಕೆಲವು 1898–99ರತ್ತ ಬೆರಳು ತೋರಿಸುತ್ತವೆ. 1906ರ ಭೂಕಂಪ ಮತ್ತು ಅದರ ಬೆನ್ನಿಗೇ ಬಂದ ಬೆಂಕಿಯಲ್ಲಿ ಅವನ ಕಾರ್ಯಾಗಾರ ಹಾಳಾಯಿತು. ಹೀಗೆ ಯಂತ್ರ ಹುಟ್ಟಿದ ತೇದಿ ಮಸುಕಾಗಿದ್ದರೂ ಯಂತ್ರದ ನಡತೆ ಮಸುಕಾಗಿಲ್ಲ. ಆ ಪೀಳಿಗೆಯ ಯಂತ್ರದ ಒಂದೊಂದು ರೀಲಿನ ಮೇಲೂ 20 ಚಿತ್ರಗಳಿವೆ ಎಂದುಕೊಳ್ಳೋಣ. ಮೂರು ರೀಲುಗಳಿಗೆ 8,000 ಜೋಡಣೆಗಳು. ಹಿಂಬಾಗಿಲು ತೆರೆದು ಚಿತ್ರಗಳನ್ನು ಎಣಿಸಿದರೆ ಗೆಲುವಿನ ಸಂಭವ ಎಷ್ಟೆಂದು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು. ಯಂತ್ರವೇ ತನ್ನ ದಾಖಲೆ.

ಮೈಕ್ರೊಪ್ರೊಸೆಸರ್ ಬಂದ ಮೇಲೆ ಈ ನಂಟು ಕಡಿಯಿತು. ರೀಲು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಪ್ರೋಗ್ರಾಮು. ರೀಲು ಅದನ್ನು ತೋರಿಸುತ್ತದೆ ಅಷ್ಟೆ. ಅಮೆರಿಕದಲ್ಲಿ ಇಂಗೆ ಟೆಲ್ನೆಸ್ 1984ರಲ್ಲಿ ಪಡೆದ ಪೇಟೆಂಟು ಈ ಬಿಡುಗಡೆಯ ಒಂದು ರೂಪ. ಕಣ್ಣಿಗೆ ಕಾಣುವ ರೀಲಿಗಿಂತ ಹೆಚ್ಚು ಸ್ಥಾನಗಳಿರುವ, ಕಾಣದ ರೀಲನ್ನು ಅದು ಪ್ರೋಗ್ರಾಮಿನೊಳಗೆ ತಿರುಗಿಸಿತು. ಆದರೂ ಅಲ್ಲಿ ಪ್ರತಿ ಆಟವೂ ಹಿಂದಿನದಕ್ಕೆ ಸಂಬಂಧಿಸದ ಹೊಸ ಆಟ. ಬ್ರಿಟನ್ನಿನ ಪಬ್ ಯಂತ್ರ ಹಿಡಿದ ದಾರಿ ಬೇರೆ. ಈವರೆಗೆ ಎಷ್ಟು ಹಣ ಬಂತು, ಎಷ್ಟು ಹೋಯಿತು ಎಂಬ ಲೆಕ್ಕವನ್ನು ಅದು ಇಟ್ಟುಕೊಳ್ಳುತ್ತದೆ. ಕೊಟ್ಟದ್ದು ಗೊತ್ತುಮಾಡಿದ ಶೇಕಡಾವಾರಿಗಿಂತ ಕಡಿಮೆಯಾದರೆ ಕೈ ಸಡಿಲಿಸುತ್ತದೆ, ಹೆಚ್ಚಾದರೆ ಬಿಗಿ ಮಾಡುತ್ತದೆ. ಆ ವ್ಯವಹಾರದ ಜನ ಇದನ್ನು ‘ಕಾಂಪೆನ್ಸೇಟೆಡ್’ ಯಂತ್ರ ಎನ್ನುತ್ತಾರೆ. ಅಲ್ಲಿನ ಜೂಜು ನಿಯಂತ್ರಣ ಸಂಸ್ಥೆಯಾದ ಗ್ಯಾಂಬ್ಲಿಂಗ್ ಕಮಿಷನ್ನಿನ ತಾಂತ್ರಿಕ ಮಾನದಂಡಗಳು ಕೂಡ ಇದನ್ನೂ ‘ರ‍್ಯಾಂಡಮ್’ ಯಂತ್ರವನ್ನೂ ಎರಡು ಬೇರೆ ಜಾತಿಗಳಾಗಿಯೇ ನೋಡುತ್ತವೆ.

ಕಾನೂನಿನ ಕಡತಗಳಲ್ಲಿ ಉತ್ತರ ಸಿಗಬಹುದೆಂದು ಅತ್ತ ಹೊರಳಿದೆ. 1960ರ ಬೆಟಿಂಗ್ ಅಂಡ್ ಗೇಮಿಂಗ್ ಕಾಯ್ದೆ ಈ ಯಂತ್ರಗಳಿಗೆ ಬಾಗಿಲು ತೆರೆಯಿತು. 1968ರ ಗೇಮಿಂಗ್ ಕಾಯ್ದೆ ಅವುಗಳನ್ನು ಹದ್ದುಬಸ್ತಿಗೆ ತಂದಿತು. 2005ರ ಗ್ಯಾಂಬ್ಲಿಂಗ್ ಕಾಯ್ದೆ 2007ರ ಸೆಪ್ಟೆಂಬರಿನಲ್ಲಿ ಪೂರ್ತಿ ಜಾರಿಗೆ ಬಂದು ಯಂತ್ರಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿತು. ಈ ಉದ್ದಕ್ಕೂ ಕಾನೂನಿನ ಮುಖ್ಯ ಕಾಳಜಿ ಎರಡು ಅಂಕಿಗಳ ಮೇಲೆ: ಒಂದು ಆಟಕ್ಕೆ ಎಷ್ಟು ಹಾಕಬಹುದು, ಒಂದು ಗೆಲುವಿಗೆ ಎಷ್ಟು ಕೊಡಬಹುದು. ಪಬ್ ಯಂತ್ರದ ಗರಿಷ್ಠ ಬಹುಮಾನ 2009ರಲ್ಲಿ 70 ಪೌಂಡ್ ಆಯಿತು, 2014ರಲ್ಲಿ 100 ಪೌಂಡ್. ಯಂತ್ರದೊಳಗೆ ತೀರ್ಮಾನ ಯಾವ ಗಳಿಗೆಯಲ್ಲಿ ಆಗುತ್ತದೆ ಎಂಬ ನನ್ನ ಪ್ರಶ್ನೆಗೆ ಈ ಕಾಯ್ದೆಗಳಿಂದ ಉತ್ತರ ಬರಲಿಲ್ಲ. ಆದರೆ ಈ ಅಂಕಿಗಳು ಮುಂದೆ ಬೇರೊಂದು ಕೆಲಸಕ್ಕೆ ಒದಗಿದವು.

ಇಲ್ಲಿ ಎರಡು ಹೇಳಿಕೆಗಳು ಒಂದಕ್ಕೊಂದು ಅಡ್ಡ ಬರುವಂತೆ ಕಂಡವು. ಸರಾಸರಿಯಲ್ಲಿ ಹಾಕಿದ ಹಣದ ಇಷ್ಟು ಶೇಕಡಾ ಹಿಂದಿರುಗುತ್ತದೆ ಎನ್ನುತ್ತದೆ ಯಂತ್ರದ ಮೇಲಿನ ಬರಹ. ಗುಂಡಿ ಒತ್ತಿದ್ದು ವ್ಯರ್ಥ, ಎಲ್ಲವೂ ಮೊದಲೇ ನಿಗದಿಯಾಗಿರುತ್ತದೆ ಎನ್ನುತ್ತಾರೆ ಹಳೆಯ ಆಟಗಾರರು. ಬಿಡಿಸಿ ನೋಡಿದರೆ ಇವೆರಡೂ ಒಟ್ಟಿಗೇ ನಿಜವಾಗಿರಬಹುದು. ಲಕ್ಷ ಆಟಗಳ ಮೊತ್ತದಲ್ಲಿ ಮಾತು ತಪ್ಪದ ಯಂತ್ರ, ಒಂದು ಆಟದ ಒಂದು ಕ್ಷಣದಲ್ಲಿ ಇಲ್ಲದ ಅವಕಾಶವನ್ನು ಇದೆ ಎಂದು ತೋರಿಸಬಹುದು. ಹಾಗಾಗಿ ಶೇಕಡಾವಾರನ್ನು ಎಷ್ಟು ಪರೀಕ್ಷಿಸಿದರೂ ಆ ಕ್ಷಣದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಪರೀಕ್ಷಿಸಬೇಕಾದದ್ದು ಆ ಕ್ಷಣವನ್ನೇ.

ಆ ಕ್ಷಣ ಅತ್ಯಂತ ಸ್ಪಷ್ಟವಾಗಿ ಸಿಗುವುದು ‘ಹೈ–ಲೋ’ ಆಟದಲ್ಲಿ. 1ರಿಂದ 12ರವರೆಗಿನ ಅಂಕಿಗಳಿರುವ ಒಂದು ರೀಲು ನಿಂತಿದೆ, 2 ಎಂದು ತೋರಿಸುತ್ತಿದೆ ಎನ್ನೋಣ. ಮುಂದಿನ ಅಂಕಿ ಇದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಆಟಗಾರ ಹೇಳಬೇಕು. 2ಕ್ಕಿಂತ ಹೆಚ್ಚಿನವು ಹತ್ತಿವೆ, ಕಡಿಮೆಯದು ಒಂದೇ. ಯಾರಾದರೂ ‘ಹೈ’ ಒತ್ತುತ್ತಾರೆ. ರೀಲು ತಿರುಗಿ 1ಕ್ಕೆ ನಿಂತರೆ ದುರದೃಷ್ಟ ಎಂದುಕೊಂಡು ಹೋಗುತ್ತಾರೆ. ‘ಲೋ’ ಒತ್ತಿದ್ದರೆ ಗೆಲ್ಲುತ್ತಿದ್ದೆ ಎಂದೂ ಅಂದುಕೊಳ್ಳುತ್ತಾರೆ. ಈ ಎರಡನೆಯ ಅನಿಸಿಕೆ ಸರಿಯೇ? ನನ್ನ ಹುಡುಕಾಟ ಕೊನೆಗೆ ಬಂದು ನಿಂತದ್ದು ಈ ಒಂದು ಪ್ರಶ್ನೆಯ ಮೇಲೆ.

ಉತ್ತರ ಇರುವುದು ಯಂತ್ರದ ಬೋರ್ಡಿನಲ್ಲಿ. ಅಭ್ಯಾಸಕ್ಕೆ ಬಾರ್‌ಕ್ರೆಸ್ಟ್ ಕಂಪನಿಯ ಎಂಪಿಯು4 ಬೋರ್ಡನ್ನು ಆರಿಸಿಕೊಂಡೆ. ಇದನ್ನು ಬೇರೆ ಕಂಪನಿಗಳೂ ಪರವಾನಗಿ ಪಡೆದು ಬಳಸಿದ್ದವು, ಹಾಗಾಗಿ ಇದರ ಬಗ್ಗೆ ಹವ್ಯಾಸಿಗಳು ಕಲೆಹಾಕಿದ ತಿಳಿವಳಿಕೆ ಸಮೃದ್ಧವಾಗಿದೆ. ಬೋರ್ಡಿನ ಮೇಲೆ ಮೋಟೊರೋಲಾ 6809 ಪ್ರೊಸೆಸರ್ ಇದೆ. ಅದರ ವೇಗ ಸುಮಾರು 1.72 ಮೆಗಾಹರ್ಟ್ಸ್. ಹೊರಜಗತ್ತಿನೊಡನೆ ವ್ಯವಹರಿಸಲು 6821 ಎಂಬ ಆರು ಚಿಪ್ಪುಗಳು, ಸಮಯ ಅಳೆಯಲು 6840. ಪ್ರೋಗ್ರಾಮು ಇರುವುದು ಇಪ್ರಾಮ್ ಚಿಪ್ಪಿನಲ್ಲಿ. ಅದರ ನೆತ್ತಿಯ ಮೇಲೆ ಸ್ಫಟಿಕದ ಪುಟ್ಟ ಕಿಟಕಿ, ಬೆಳಕು ಬೀಳದಂತೆ ಅದರ ಮೇಲೊಂದು ಕಾಗದದ ಸ್ಟಿಕ್ಕರ್. ಆ ಕಿಟಕಿಗೆ ಅತಿನೇರಳೆ ಬೆಳಕು ಬಿಟ್ಟರೆ ಪ್ರೋಗ್ರಾಮು ಅಳಿಸಿಹೋಗುತ್ತದೆ. ಅದೇ ಚಿಪ್ಪಿಗೆ ಹೊಸದನ್ನು ಬರೆಯಬಹುದು. ಕಂಪನಿಗಳ ದೃಷ್ಟಿಯಲ್ಲಿ ಇದು ಉಳಿತಾಯ, ಇತಿಹಾಸದ ದೃಷ್ಟಿಯಲ್ಲಿ ನಷ್ಟ. ಹಳೆಯ ಆಟವನ್ನು ಅಳಿಸಿ ಹೊಸದನ್ನು ಬರೆದ ಚಿಪ್ಪಿನಲ್ಲಿ ಹಳೆಯದರ ಕುರುಹು ಉಳಿಯುವುದಿಲ್ಲ. ಇನ್ನೊಂದು ಶತ್ರು ಬೋರ್ಡಿನ ಮೇಲೇ ಕೂತಿದೆ. ರ‍್ಯಾಮ್ ನೆನಪನ್ನು ಕಾಯುವ ನಿಕಲ್–ಕ್ಯಾಡ್ಮಿಯಂ ಬ್ಯಾಟರಿ ವರ್ಷ ಕಳೆದಂತೆ ಸೋರುತ್ತದೆ, ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತದೆ.

ಹವ್ಯಾಸಿಗಳು ಇಂಥ ಚಿಪ್ಪುಗಳನ್ನು ಬಿಚ್ಚಿ, ಓದುಗ ಯಂತ್ರಕ್ಕೆ ಸಿಕ್ಕಿಸಿ, ಒಳಗಿನ ಒಂದೊಂದು ಬೈಟನ್ನೂ ಫೈಲಾಗಿ ಇಳಿಸಿಕೊಂಡಿದ್ದಾರೆ. ಅವರ ಪಟ್ಟಿಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅನುಮಾನವನ್ನು ಮುಚ್ಚಿಡದ ಶಿಸ್ತು. ಆರ್ಕೇಡ್ ಯಂತ್ರಗಳನ್ನು ದಾಖಲಿಸಲೆಂದು 1997ರಲ್ಲಿ ಶುರುವಾದ ‘ಮೇಮ್’ ಎಂಬ ಎಮ್ಯುಲೇಟರ್ (ಯಂತ್ರವೊಂದನ್ನು ಕಂಪ್ಯೂಟರಿನೊಳಗೆ ಅನುಕರಿಸುವ ಪ್ರೋಗ್ರಾಮು) ಈಗ ಫ್ರೂಟ್ ಮಷೀನ್‌ಗಳನ್ನೂ ಒಳಗೊಂಡಿದೆ. ಅದರಲ್ಲಿ ಪ್ರತಿ ಚಿಪ್ಪಿನ ನಕಲಿಗೂ ಲೆಕ್ಕದ ಮುದ್ರೆ ಇರುತ್ತದೆ. ಒಂದು ಬಿಟ್ ವ್ಯತ್ಯಾಸವಾದರೂ ಮುದ್ರೆ ಹೊಂದುವುದಿಲ್ಲ. ನಕಲು ಸರಿಯಿಲ್ಲ ಎನಿಸಿದರೆ ಕೆಟ್ಟ ನಕಲು ಎಂದೇ ಬರೆದಿರುತ್ತಾರೆ. ಚಿಪ್ಪು ಇತ್ತೆಂದು ಗೊತ್ತಿದ್ದು ಒಳಗಿನದು ಸಿಗದಿದ್ದರೆ ನಕಲಿಲ್ಲ ಎಂದು ಬರೆಯುತ್ತಾರೆ. ಆಟ ಓಡದಿದ್ದರೆ ಓಡುವುದಿಲ್ಲ ಎಂಬ ಗುರುತು. ಫ್ರೂಟ್ ಮಷೀನ್‌ಗಳಲ್ಲಿ ಬಹಳಷ್ಟಕ್ಕೆ ಈಗಲೂ ಆ ಗುರುತಿದೆ. ವರ್ಷದ ಕಾಲಮಿನಲ್ಲಿ ಸಾಲುಸಾಲಾಗಿ ‘199?’ ಎಂದಿದೆ. ಆ ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಒಂದು ನಿಲುವಿದೆ: ಪುರಾವೆ ಎಲ್ಲಿಯವರೆಗೆ ಒಯ್ಯುತ್ತದೋ ಅಲ್ಲಿಯವರೆಗೆ ಮಾತ್ರ ಹೋಗುವುದು.

ಕೊನೆಯ ಅಂಕಿಯನ್ನು ತುಂಬುವ ಪ್ರಯತ್ನ ಮಾಡಿದಾಗ ಕಷ್ಟದ ಸ್ವರೂಪ ಗೊತ್ತಾಯಿತು. ಚಿಪ್ಪಿನ ಮೈಮೇಲೆ ನಾಲ್ಕು ಅಂಕಿಯ ಸಂಕೇತವಿರುತ್ತದೆ. 8832 ಎಂದಿದ್ದರೆ 1988ರ 32ನೆಯ ವಾರ ಆ ಚಿಪ್ಪು ತಯಾರಾಯಿತು ಎಂದರ್ಥ. ಆದರೆ ಅದು ಚಿಪ್ಪಿನ ತೇದಿ, ಪ್ರೋಗ್ರಾಮಿನದಲ್ಲ. ಅಳಿಸಿ ಬರೆದ ಚಿಪ್ಪಾದರೆ ಆಟ ಎಷ್ಟೋ ವರ್ಷ ಈಚಿನದಿರಬಹುದು. ಆದ್ದರಿಂದ ಅದು ಹೇಳುವುದು ‘ಇದಕ್ಕಿಂತ ಮೊದಲಲ್ಲ’ ಎಂಬುದನ್ನು ಮಾತ್ರ. ಪ್ರೋಗ್ರಾಮಿನೊಳಗೇ ಸಾಕ್ಷಿ ಹುಡುಕಿದರೆ ನಾಣ್ಯಗಳು ನೆರವಿಗೆ ಬರುತ್ತವೆ. 20 ಪೆನ್ನಿಯ ನಾಣ್ಯ ಚಲಾವಣೆಗೆ ಬಂದದ್ದು 1982ರಲ್ಲಿ, ಒಂದು ಪೌಂಡಿನ ನಾಣ್ಯ 1983ರಲ್ಲಿ, ಎರಡು ಪೌಂಡಿನದು 1998ರಲ್ಲಿ. ಯಾವ ನಾಣ್ಯವನ್ನು ಪ್ರೋಗ್ರಾಮು ಗುರುತಿಸುತ್ತದೆ ಎಂಬುದರಿಂದ ಕೆಳಗಿನ ಗಡಿ ಸಿಗುತ್ತದೆ. ಕೊಡುವ ಗರಿಷ್ಠ ಬಹುಮಾನವನ್ನು ಆಗಿನ ಕಾನೂನಿನ ಮಿತಿಗೆ ಹೋಲಿಸಿದರೆ ಮೇಲಿನ ಗಡಿಯೂ ಬಹುಮಟ್ಟಿಗೆ ಸಿಗುತ್ತದೆ, ಏಕೆಂದರೆ ಮಿತಿ ಏರಿದ ಮೇಲೆ ಕಡಿಮೆ ಬಹುಮಾನದ ಹೊಸ ಯಂತ್ರವನ್ನು ಮಾಡಲು ಯಾರಿಗೂ ಹೆಚ್ಚು ಕಾರಣವಿರಲಿಲ್ಲ. ಈ ವಿಧಾನ ಕನ್ನಡ ಓದುಗರಿಗೆ ಹೊಸದಲ್ಲ. ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ. ಸುಮಾರು 450 ಎಂಬುದು ವಿದ್ವಾಂಸರು ಲಿಪಿಯ ರೂಪ, ಭಾಷೆ, ಅದು ಹೆಸರಿಸುವ ಅರಸ ಇವನ್ನು ತೂಗಿ ತಲುಪಿದ ತೀರ್ಮಾನ. ‘ಸುಮಾರು’ ಎಂಬ ಮಾತು ಆ ತೀರ್ಮಾನದ ಭಾಗವೇ.

ಹೈ–ಲೋ ಪ್ರಶ್ನೆಗೆ ಉತ್ತರ ಹುಡುಕಲು ಮೊದಲು ಹಿಡಿದದ್ದು ಓದುವ ದಾರಿ. ಒಂದು ಆಟದ ಫೈಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದೆ. ಅದರ ಹೆಸರು ಹೇಳುವುದಿಲ್ಲ. ಈ ಬೋರ್ಡನ್ನು ಹಲವರು ಬಳಸಿದ್ದಾರೆ. ಒಂದು ಆಟದ ನಡತೆಯನ್ನು ಒಂದು ಕಂಪನಿಯ ತಲೆಗೆ ಕಟ್ಟುವಷ್ಟು ಪುರಾವೆ ನನ್ನಲ್ಲಿಲ್ಲ. 6809 ಪ್ರೊಸೆಸರ್ ಎಚ್ಚರವಾದ ಕೂಡಲೇ ಮೊದಲು ನೋಡುವುದು ವಿಳಾಸಗಳ ತುತ್ತತುದಿಯ ಎರಡು ಬೈಟುಗಳನ್ನು. ಪ್ರೋಗ್ರಾಮು ಎಲ್ಲಿಂದ ಆರಂಭ ಎಂಬುದು ಅಲ್ಲಿ ಬರೆದಿರುತ್ತದೆ. ಆ ತುದಿಯಿಂದ ಎಳೆ ಹಿಡಿದು ಆದೇಶಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದೆ. ಆರಂಭದ ಸ್ವಯಂಪರೀಕ್ಷೆ, ದೀಪಗಳನ್ನು ಸರದಿಯಲ್ಲಿ ಬೆಳಗಿಸುವ ಭಾಗ, ರೀಲಿನ ಮೋಟಾರಿಗೆ ಹೆಜ್ಜೆ ಕೊಡುವ ಭಾಗ ಇವೆಲ್ಲ ಸಾಕಷ್ಟು ತಿಳಿಯಾಗಿಯೇ ಸಿಕ್ಕವು.

ಅಲ್ಲಿಂದ ಮುಂದೆ ಗೋಡೆ. ಚಿಪ್ಪಿನೊಳಗೆ ಚೆರ್ರಿಯಿಲ್ಲ, ನಿಂಬೆಯಿಲ್ಲ, ಗಂಟೆಯಿಲ್ಲ. ಇರುವುದು ಸ್ಥಾನಗಳ ಅಂಕಿ. ರೀಲಿನ ಮೋಟಾರು ಒಂದು ಸುತ್ತಿಗೆ 48 ಹೆಜ್ಜೆ ಇಡುತ್ತದೆ. 16 ಚಿತ್ರಗಳ ಪಟ್ಟಿಯಾದರೆ ಒಂದು ಚಿತ್ರಕ್ಕೆ ಮೂರು ಹೆಜ್ಜೆ. ಐದನೆಯ ಸ್ಥಾನ ಎಂದು ಪ್ರೋಗ್ರಾಮಿಗೆ ಗೊತ್ತು, ಅಲ್ಲಿ ಯಾವ ಹಣ್ಣಿದೆ ಎಂಬುದು ರೀಲಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಗೆ ಮಾತ್ರ ಗೊತ್ತು. ಆ ಪಟ್ಟಿ ಕಳೆದುಹೋದರೆ ಅಂಕಿಗಳು ಅರ್ಥ ಕಳೆದುಕೊಳ್ಳುತ್ತವೆ. ಗೆಲುವು–ಸೋಲಿನ ತೀರ್ಮಾನ ಮಾಡುವ ಭಾಗವಂತೂ ಕೋಷ್ಟಕಗಳ ಮೂಲಕ ಜಿಗಿಯುತ್ತ ಸಾಗುತ್ತದೆ. ಎಲ್ಲಿಗೆ ಜಿಗಿಯಬೇಕೆಂಬುದು ಆ ಹೊತ್ತಿಗೆ ರ‍್ಯಾಮ್‌ನಲ್ಲಿ ಏನಿದೆ ಎಂಬುದನ್ನು ಅವಲಂಬಿಸಿದೆ. ಕಾಗದದ ಮೇಲೆ ಓದುವವನಿಗೆ ಆ ‘ಏನಿದೆ’ ಎಂಬುದೇ ಕಾಣದು. ಇಂಥ ದಾಖಲೆಯನ್ನು ಓಡಿಸಿಯೇ ಓದಬೇಕು.

ಓಡಿಸಲು ಎಮ್ಯುಲೇಟರ್ ಬೇಕು. ಇಲ್ಲಿ ಹೊಸ ಬಗೆಯ ಅನುಮಾನ ತಲೆಯೆತ್ತಿತು. ಪ್ರೋಗ್ರಾಮು ತಾನು ನಿಜವಾದ ಕ್ಯಾಬಿನೆಟ್ಟಿನಲ್ಲೇ ಇದ್ದೇನೆಂದು ನಂಬಿದರೆ ಮಾತ್ರ ಓಡುತ್ತದೆ. ರೀಲು ಒಂದು ಸುತ್ತು ಬಂದಾಗ ಅದರ ಅಂಚಿನ ತುಣುಕು ಬೆಳಕಿನ ಕಿರಣವನ್ನು ತಡೆಯಬೇಕು. ತಡೆಯದಿದ್ದರೆ ರೀಲು ಕೆಟ್ಟಿದೆಯೆಂದು ಯಂತ್ರ ಆಟ ನಿಲ್ಲಿಸುತ್ತದೆ. ಹಣ ಎಣಿಸುವ ಮೀಟರಿನ ತಂತಿ ಕಳಚಿದ್ದರೂ ಅಷ್ಟೆ. ‘ಕ್ಯಾರೆಕ್ಟರೈಸರ್’ ಎಂಬ ಕಾವಲು ಚಿಪ್ಪೊಂದಿದೆ. ಪ್ರೋಗ್ರಾಮು ಕೇಳುವ ಪ್ರಶ್ನೆಗಳಿಗೆ ಅದು ಸರಿಯಾದ ಉತ್ತರ ಕೊಡಬೇಕು, ಇಲ್ಲವಾದರೆ ಆಟ ಮುಂದುವರಿಯದು. ಬೋರ್ಡಿಗೆ ಸಿಕ್ಕಿಸುವ ಸಣ್ಣ ಪ್ಲಗ್ಗುಗಳೂ ಇವೆ: ಆಟದ ದರಕ್ಕೊಂದು, ಬಹುಮಾನಕ್ಕೊಂದು, ಶೇಕಡಾವಾರಿಗೊಂದು. ಅಂದರೆ ಒಂದೇ ಚಿಪ್ಪು, ಪ್ಲಗ್ಗು ಬದಲಾದರೆ ಬೇರೆ ಧಾರಾಳತನ. ಇವೆಲ್ಲದರ ಜಾಗದಲ್ಲೂ ಎಮ್ಯುಲೇಟರ್ ತಾನೇ ನಿಂತು ಉತ್ತರ ಕೊಡುತ್ತದೆ. ಹಾಗಾದರೆ ತೆರೆಯ ಮೇಲೆ ಕಾಣುವ ನಡತೆ ಪ್ರೋಗ್ರಾಮಿನದೋ, ಅದಕ್ಕೆ ಉತ್ತರ ಕೊಟ್ಟವರದೋ?

ಇರುವ ಎರಡು ಮುಖ್ಯ ಎಮ್ಯುಲೇಟರುಗಳು ಈ ಪ್ರಶ್ನೆಯನ್ನು ಇನ್ನಷ್ಟು ಬಿಗಿಗೊಳಿಸಿದವು. ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ‘ಎಂಎಫ್‌ಎಂಇ’. ಅದರಲ್ಲಿ ಬಹಳಷ್ಟು ಯಂತ್ರಗಳು ಸೊಗಸಾಗಿ ಓಡುತ್ತವೆ. ಯಂತ್ರದ ಗಾಜಿನ ಚಿತ್ರ ತೆಗೆದು, ಒಂದೊಂದು ದೀಪದ ಆಕಾರವನ್ನೂ ಬಿಡಿಸಿ, ಅದು ಹತ್ತಿದಾಗ ಹೇಗೆ ಕಾಣುತ್ತಿತ್ತೋ ಹಾಗೆಯೇ ತೆರೆಯ ಮೇಲೆ ಬೆಳಗುವಂತೆ ಜನ ತಿಂಗಳುಗಟ್ಟಲೆ ಕೂತು ಕೆಲಸ ಮಾಡಿದ್ದಾರೆ. ಆದರೆ ಆ ಎಮ್ಯುಲೇಟರಿನ ಮೂಲ ಕೋಡು ಮುಚ್ಚಿದ್ದು. ಮೇಮ್‌ನ ಮೂಲ ಕೋಡು ಎಲ್ಲರಿಗೂ ತೆರೆದದ್ದು. ಅದರ ಒಂದೊಂದು ಊಹೆಯನ್ನೂ ಸಾಲು ತೋರಿಸಿ ಪ್ರಶ್ನಿಸಬಹುದು. ಆದರೆ ಅಲ್ಲಿ ಓಡುವ ಯಂತ್ರಗಳು ಕಡಿಮೆ. ಚೆನ್ನಾಗಿ ಓಡುವುದರ ಒಳಗನ್ನು ನೋಡುವಂತಿಲ್ಲ, ಒಳಗು ಕಾಣುವುದು ಅಷ್ಟಾಗಿ ಓಡುವುದಿಲ್ಲ. ಎರಡರಲ್ಲೂ ಓಡುವ ಆಟ ಸಿಕ್ಕಿ, ಎರಡೂ ಒಂದೇ ಉತ್ತರ ಕೊಟ್ಟರೆ ನಂಬಿಕೆ ಹೆಚ್ಚುತ್ತದೆ. ಆಗಲೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಎರಡನ್ನೂ ಕಟ್ಟಿದವರು ಹಳೆಯ ಕೈಪಿಡಿಗಳು, ಬೋರ್ಡಿನ ನಕಾಶೆಗಳಂಥ ಒಂದೇ ಮೂಲಗಳಿಗೆ ಋಣಿಗಳಾಗಿರಬಹುದು.

ಓಡಿಸಿದಾಗ ಇನ್ನೊಂದು ಅಡ್ಡಿ ಎದುರಾಯಿತು. ಎಂಪಿಯು4 ಬೋರ್ಡಿನ ರ‍್ಯಾಮ್ ಕೇವಲ 2,048 ಬೈಟು. ಈ ಲೇಖನದ ಒಂದೆರಡು ಪ್ಯಾರಾಗಳೂ ಅದರಲ್ಲಿ ಹಿಡಿಸವು. ಆದರೂ ಯಂತ್ರಕ್ಕೆ ತನ್ನ ಗತಕಾಲದ ಬಗ್ಗೆ ಗೊತ್ತಿರುವುದೆಲ್ಲ ಅಲ್ಲೇ ಇದೆ. ಚಿಪ್ಪಿನ ನಕಲು ಸಿಕ್ಕಿದರೂ ಆ 2,048 ಬೈಟು ಸಿಕ್ಕುವುದಿಲ್ಲ. ಬ್ಯಾಟರಿ ಸತ್ತ ದಿನವೇ ಅವು ಹೋಗಿರುತ್ತವೆ. ಎಮ್ಯುಲೇಟರಿನಲ್ಲಿ ಎಚ್ಚರವಾಗುವುದು ಏನೂ ನೆನಪಿಲ್ಲದ ಯಂತ್ರ. ಕಾಂಪೆನ್ಸೇಟೆಡ್ ಯಂತ್ರಕ್ಕೆ ಇದು ಸಣ್ಣ ಮಾತಲ್ಲ. ಅದರ ನಡತೆ ಅದರ ಇತಿಹಾಸದಿಂದಲೇ ರೂಪುಗೊಳ್ಳುತ್ತದೆ. ಖಾಲಿ ನೆನಪಿನ ಯಂತ್ರದ ನಡತೆ ಪಬ್ಬಿನ ಮೂಲೆಯಲ್ಲಿ ವರ್ಷಾನುಗಟ್ಟಲೆ ನಾಣ್ಯ ನುಂಗಿದ ಯಂತ್ರದ ನಡತೆಗೆ ಸಮನಲ್ಲ. ಆದ್ದರಿಂದ ಮೊದಲು ಅದನ್ನು ತಾನಾಗಿಯೇ ಆಡುತ್ತ ಹೋಗಲು ಬಿಟ್ಟು, ಬಂದ ಹಣ–ಕೊಟ್ಟ ಹಣದ ಅನುಪಾತ ಪ್ಲಗ್ಗು ಹೇಳುವ ಶೇಕಡಾವಾರಿನ ಆಸುಪಾಸಿಗೆ ಬಂದು ನೆಲೆಗೊಂಡ ಮೇಲೆಯೇ ಪರೀಕ್ಷೆಗೆ ಕೈಹಾಕಿದೆ.

ಇನ್ನು ಪರೀಕ್ಷೆ. ಇದರ ಕಲ್ಪನೆ ನನ್ನದಲ್ಲ. 2000ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಕೆಲವು ಆಟಗಾರರು ‘ಫೇರ್‌ಪ್ಲೇ’ ಎಂಬ ಹೆಸರಿನಲ್ಲಿ ನಡೆಸಿದ ಆಂದೋಲನದ ಮುಖ್ಯ ಸಾಕ್ಷಿ ಇದೇ ಆಗಿತ್ತು. ಎಮ್ಯುಲೇಟರಿಗೆ ಒಂದು ವಿಶೇಷ ಶಕ್ತಿಯಿದೆ: ಯಾವುದೇ ಕ್ಷಣದಲ್ಲಿ ಇಡೀ ಯಂತ್ರವನ್ನು ನಿಲ್ಲಿಸಿ, ರ‍್ಯಾಮ್‌ನ 2,048 ಬೈಟು, ಪ್ರೊಸೆಸರಿನ ಒಳಸ್ಥಿತಿ, ಸುತ್ತಲಿನ ಚಿಪ್ಪುಗಳ ಸ್ಥಿತಿ ಎಲ್ಲವನ್ನೂ ಹಾಗೆಯೇ ಉಳಿಸಿಕೊಳ್ಳಬಹುದು. ಆಮೇಲೆ ಬೇಕೆಂದಾಗ ಅದೇ ಕ್ಷಣಕ್ಕೆ ಮರಳಬಹುದು. ರೀಲು ಒಂದು ಅಂಕಿ ತೋರಿಸಿ ನಿಂತಿದೆ, ‘ಹೈ’ ಮತ್ತು ‘ಲೋ’ ಗುಂಡಿಗಳು ಮಿನುಗುತ್ತಿವೆ. ಅಲ್ಲಿ ಸ್ಥಿತಿಯನ್ನು ಉಳಿಸಿದೆ. ‘ಹೈ’ ಒತ್ತಿದೆ. ಕಡಿಮೆ ಅಂಕಿ ಬಂತು, ಸೋಲು. ಉಳಿಸಿದ ಸ್ಥಿತಿಗೆ ಮರಳಿ ‘ಲೋ’ ಒತ್ತಿದೆ. ಹೆಚ್ಚಿನ ಅಂಕಿ ಬಂತು, ಮತ್ತೆ ಸೋಲು.

ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ಏನು ಹೇಳಬಹುದೆಂದು ನಿಧಾನವಾಗಿ ನೋಡೋಣ. ಮುಂದಿನ ಅಂಕಿಯನ್ನು ಯಂತ್ರ ಮೊದಲೇ ನಿಗದಿಮಾಡಿತ್ತು ಎಂದಿಟ್ಟುಕೊಳ್ಳಿ. ಆ ಅಂಕಿ ಈಗಿನದಕ್ಕಿಂತ ಹೆಚ್ಚಿರಬೇಕು ಅಥವಾ ಕಡಿಮೆಯಿರಬೇಕು. ಹಾಗಿದ್ದಲ್ಲಿ ಎರಡರಲ್ಲಿ ಒಂದು ಗುಂಡಿ ಗೆಲ್ಲಲೇಬೇಕಿತ್ತು. ಗೆಲ್ಲಲಿಲ್ಲ. ಅಂದರೆ ಅಂಕಿ ಮೊದಲೇ ನಿಗದಿಯಾಗಿರಲಿಲ್ಲ. ಆಟಗಾರ ಯಾವುದನ್ನು ಒತ್ತಿದ ಎಂದು ನೋಡಿಕೊಂಡ ಮೇಲೆ ಆರಿಸಿದ್ದು. ಮೊದಲೇ ನಿಗದಿಯಾಗಿದ್ದದ್ದು ಸೋಲು. ಅಂಕಿ ಬಂದದ್ದು ಆ ಸೋಲಿಗೆ ರೂಪ ಕೊಡಲು. ‘ಎಲ್ಲವೂ ಮೊದಲೇ ನಿಗದಿ’ ಎಂಬ ಹಳೆಯ ಆಟಗಾರರ ಮಾತು ಅರ್ಧ ಸರಿ. ‘ಇನ್ನೊಂದನ್ನು ಒತ್ತಿದ್ದರೆ ಗೆಲ್ಲುತ್ತಿದ್ದೆ’ ಎಂಬ ಅನಿಸಿಕೆ ಮಾತ್ರ ಈ ಸ್ಥಿತಿಯಲ್ಲಿ ಪೂರ್ತಿ ತಪ್ಪು. ಯಂತ್ರದ ಎದುರು ಎಷ್ಟು ವರ್ಷ ನಿಂತವನಿಗೂ ಸಿಗದ ಸಾಕ್ಷಿ ಇದು.

ಆಕ್ಷೇಪಗಳನ್ನೂ ಎದುರಿಸಬೇಕು. ಮೊದಲನೆಯದು, ಸಮಯದ ಆಕ್ಷೇಪ. ಗುಂಡಿ ಒತ್ತಿದ ಗಳಿಗೆಯನ್ನೇ ಪ್ರೋಗ್ರಾಮು ಅನಿಶ್ಚಿತತೆಯ ಮೂಲವಾಗಿ ಬಳಸುತ್ತಿದ್ದರೆ, ಎರಡು ಸಲ ಒತ್ತಿದ ಗಳಿಗೆಗಳು ಬೇರೆಯಾದ್ದರಿಂದ ಎರಡು ಸೋಲುಗಳೂ ಆಕಸ್ಮಿಕವಾಗಿ ಬಂದಿರಬಹುದು. ಇದು ಗಟ್ಟಿ ಆಕ್ಷೇಪ. ಹಾಗಾಗಿ ಅದೇ ಉಳಿಸಿದ ಸ್ಥಿತಿಯಿಂದ ಬೇರೆ ಬೇರೆ ಅಂತರ ಬಿಟ್ಟು ಎರಡೂ ಗುಂಡಿಗಳನ್ನು ಮತ್ತೆ ಮತ್ತೆ ಒತ್ತಿ ನೋಡಿದೆ. ಬಂದ ಅಂಕಿಗಳು ಬದಲಾದವು, ಸೋಲು ಬದಲಾಗಲಿಲ್ಲ. ಬೇರೆ ಹೊತ್ತಿನಲ್ಲಿ ಉಳಿಸಿದ ಇತರ ಸ್ಥಿತಿಗಳಲ್ಲಿ ಹಾಗಿರಲಿಲ್ಲ. ಕೆಲವುಗಳಲ್ಲಿ ಒತ್ತಿದ ಗಳಿಗೆಗೆ ತಕ್ಕಂತೆ ಗೆಲುವೂ ಸೋಲೂ ಬಂದವು. ಕೆಲವುಗಳಲ್ಲಿ ಯಾವುದನ್ನು ಒತ್ತಿದರೂ ಗೆಲುವೇ. ಈ ಕೊನೆಯದು ಮುಖ್ಯ. ಯಂತ್ರ ಸೋಲನ್ನಷ್ಟೇ ಹೇರುತ್ತಿರಲಿಲ್ಲ. ಕೊಡಬೇಕಾದ ಬಾಕಿ ಬೆಳೆದಾಗ ಗೆಲುವನ್ನೂ ಹೇರುತ್ತಿತ್ತು. ಶೇಕಡಾವಾರು ಕಾಯುವ ಯಂತ್ರದಿಂದ ನಿರೀಕ್ಷಿಸುವುದೂ ಇದನ್ನೇ.

ಎರಡನೆಯದು, ನಕಲಿನ ಆಕ್ಷೇಪ. ಓಡಿಸಿದ ಚಿಪ್ಪನ್ನು ಯಾರಾದರೂ ತಿದ್ದಿದ್ದರೆ? ಅಂಥ ತಿದ್ದಿದ ಚಿಪ್ಪುಗಳೂ ಇರಬಹುದು. ಬೇರೆ ಬೇರೆ ಯಂತ್ರಗಳಿಂದ ಇಳಿಸಿದ ನಕಲುಗಳ ಮುದ್ರೆ ಒಂದೇ ಆಗಿದ್ದರೆ ಈ ಅನುಮಾನ ಬಹುಮಟ್ಟಿಗೆ ಕರಗುತ್ತದೆ. ಒಂದೇ ನಕಲು ಇರುವಲ್ಲಿ ಉಳಿಯುತ್ತದೆ. ಮೂರನೆಯದು, ಎಮ್ಯುಲೇಟರೇ ಈ ನಡತೆಯನ್ನು ಹುಟ್ಟಿಸಿತೇ ಎಂಬ ಆಕ್ಷೇಪ. ಎಮ್ಯುಲೇಟರ್ ತಪ್ಪು ಮಾಡಿದರೆ ಸಾಮಾನ್ಯವಾಗಿ ಕಾಣುವುದು ಅಸ್ತವ್ಯಸ್ತ: ರೀಲು ತಪ್ಪು ಜಾಗದಲ್ಲಿ ನಿಲ್ಲುತ್ತದೆ, ದೀಪಗಳು ಕಲಸಿಹೋಗುತ್ತವೆ, ಆಟ ನಿಂತುಹೋಗುತ್ತದೆ. ಆಟಗಾರನ ಗುಂಡಿಯನ್ನು ಗಮನಿಸಿ ಅದಕ್ಕೆ ವಿರುದ್ಧವಾದ ಅಂಕಿಯನ್ನು ಪ್ರತಿ ಸಲವೂ ನಿಖರವಾಗಿ ತಂದು ನಿಲ್ಲಿಸುವ ಕ್ರಮಬದ್ಧತೆ ಆಕಸ್ಮಿಕ ದೋಷದಿಂದ ಹುಟ್ಟುವುದಿಲ್ಲ. ಅದನ್ನು ಯಾರೋ ಬರೆದಿರಬೇಕು. ಇದು ತರ್ಕದ ಬಲ, ಪ್ರತ್ಯಕ್ಷದ ಬಲವಲ್ಲ. ಎರಡನ್ನೂ ಒಂದೇ ತೂಕದಲ್ಲಿ ಇಡಬಾರದು.

ಪ್ರತ್ಯಕ್ಷಕ್ಕೆ ಹತ್ತಿರವಾದದ್ದು ಕೊನೆಗೆ ಸಿಕ್ಕಿತು. ನಾಣ್ಯ ಹಾಕುವ ಮುಂಚಿನ ರ‍್ಯಾಮ್ ಮತ್ತು ಹಾಕಿದ ನಂತರದ ರ‍್ಯಾಮ್ ಎರಡನ್ನೂ ಹೋಲಿಸಿದರೆ ಬದಲಾದ ಬೈಟುಗಳು ಬೆರಳೆಣಿಕೆಯಷ್ಟು. ಅದೇ ಕ್ರಮದಲ್ಲಿ ರೀಲಿನ ಗುರಿಯ ಸ್ಥಾನ ಬರೆಯುವ ಬೈಟು ಯಾವುದೆಂದು ಪತ್ತೆಮಾಡಿದೆ. ಮೇಮ್‌ನ ಡೀಬಗ್ಗರಿನಲ್ಲಿ ಆ ಬೈಟಿಗೆ ಕಾವಲು ಹಾಕಬಹುದು. ಯಾರೇ ಅದನ್ನು ಮುಟ್ಟಿದರೂ ಯಂತ್ರ ಆ ಆದೇಶದಲ್ಲೇ ನಿಲ್ಲುತ್ತದೆ. ಗುಂಡಿ ಒತ್ತುವವರೆಗೂ ಕಾವಲು ಎಚ್ಚರಗೊಳ್ಳಲಿಲ್ಲ. ಒತ್ತಿದ ಮೇಲೆ ಪ್ರೋಗ್ರಾಮು ಮೊದಲು ಯಾವ ಗುಂಡಿ ಎಂದು ಓದಿತು, ಆಮೇಲೆ ಗುರಿಯನ್ನು ಬರೆಯಿತು. ಕಾಗದದ ಮೇಲೆ ಎಷ್ಟು ಓದಿದರೂ ಸಿಗದ ಜಾಗ ಓಡುವ ಯಂತ್ರದಲ್ಲಿ ತಾನಾಗಿ ಎದುರು ಬಂತು. ಮೊದಲು ತರ್ಕದಿಂದ ತಲುಪಿದ ಮಾತು ಈಗ ಆದೇಶಗಳ ಸಾಲಿನಲ್ಲಿ ಬರೆದದ್ದಾಗಿ ಕಂಡಿತು.

ಇಷ್ಟರಿಂದ ಸಿದ್ಧವಾದದ್ದೇನು? ಒಂದು ಆಟದಲ್ಲಿ, ಕೆಲವು ಸ್ಥಿತಿಗಳಲ್ಲಿ, ಆಯ್ಕೆ ಆಯ್ಕೆಯಾಗಿರಲಿಲ್ಲ ಎಂಬುದು. ಎಲ್ಲ ಯಂತ್ರಗಳೂ ಹೀಗೆಯೇ ಎಂಬುದು ಇದರಿಂದ ಸಿದ್ಧವಾಗುವುದಿಲ್ಲ. ಆಂದೋಲನದಿಂದಲೇ ಗಾಜಿನ ಮೇಲಿನ ಸೂಚನೆ ಬಂತು ಎಂದೂ ಇಷ್ಟರಿಂದಲೇ ಹೇಳಲಾಗದು. ಒಂದರ ಬೆನ್ನಿಗೆ ಇನ್ನೊಂದು ಬಂದಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ. ಆದರೆ ಸೂಚನೆ ಒಪ್ಪಿಕೊಳ್ಳುವ ಸಂಗತಿಯೂ ಹವ್ಯಾಸಿಗಳ ಪರೀಕ್ಷೆ ತೋರಿಸುವ ಸಂಗತಿಯೂ ಒಂದೇ. ಎರಡು ಬೇರೆ ಬೇರೆ ಕಡೆಯಿಂದ ಬಂದ, ಅದರಲ್ಲೂ ಒಂದು ಎದುರು ಪಕ್ಷದಿಂದಲೇ ಬಂದ ಈ ಹೊಂದಿಕೆ ನನಗೆ ಬಲವಾದ ಪುರಾವೆಯಾಗಿ ತೋರುತ್ತದೆ.

ಇದನ್ನೆಲ್ಲ ಸಾಧ್ಯವಾಗಿಸಿದ್ದು ಸಾಕ್ಷಿ ಕೂಡಿಡಲೆಂದು ಹೊರಟವರಲ್ಲ. ಹರೆಯದಲ್ಲಿ ಆಡಿದ ಯಂತ್ರ ಮತ್ತೆ ಮಿನುಗಲಿ ಎಂದು ಬಯಸಿದವರು ಅವರು. ಅದಕ್ಕಾಗಿ ಚಿಪ್ಪು ಬಿಚ್ಚಿದರು, ಗಾಜಿನ ಚಿತ್ರ ತೆಗೆದರು. ನಿಖರತೆಯನ್ನು ಪ್ರೀತಿಸಿದ್ದರಿಂದ ಅವರ ಕೆಲಸ ದಾಖಲೆಯಾಯಿತು. ಈ ಹುಡುಕಾಟದಿಂದ ಸಂರಕ್ಷಣೆಗೆ ಒಂದು ಪಾಠವೂ ಇದೆ. ಚಿಪ್ಪನ್ನಷ್ಟೇ ಉಳಿಸಿದರೆ ಯಂತ್ರ ಉಳಿಯುವುದಿಲ್ಲ. ರೀಲಿನ ಪಟ್ಟಿಯ ನಕಲು, ಬೋರ್ಡಿಗೆ ಸಿಕ್ಕಿಸಿದ್ದ ಪ್ಲಗ್ಗುಗಳ ವಿವರ, ಕಾವಲು ಚಿಪ್ಪು ಇವೂ ಅದರ ಜೊತೆಗೇ ದಾಖಲಾಗಬೇಕು. ಬ್ಯಾಟರಿ ಇನ್ನೂ ಜೀವ ಹಿಡಿದಿರುವ ಬೋರ್ಡು ಕೈಗೆ ಬಂದರೆ, ಅದನ್ನು ಕೀಳುವ ಮೊದಲು ಆ 2,048 ಬೈಟುಗಳನ್ನೂ ಇಳಿಸಿಕೊಳ್ಳುವ ದಾರಿ ಹುಡುಕಬೇಕು. ಪ್ರೋಗ್ರಾಮು ಯಂತ್ರಗಳೆಲ್ಲಕ್ಕೂ ಸಮಾನವಾದದ್ದು. ಒಂದು ನಿರ್ದಿಷ್ಟ ಯಂತ್ರ ಒಂದು ನಿರ್ದಿಷ್ಟ ಪಬ್ಬಿನಲ್ಲಿ ಜನರೊಡನೆ ಹೇಗೆ ನಡೆದುಕೊಂಡಿತು ಎಂಬುದು ಆ ಬೈಟುಗಳಲ್ಲಿ ಮಾತ್ರ ಇದೆ. ಇತಿಹಾಸಕಾರನಿಗೆ ಹಿಂದಿನ ಒಂದು ಕ್ಷಣಕ್ಕೆ ಮರಳಿ ಇನ್ನೊಂದು ಗುಂಡಿ ಒತ್ತಿ ನೋಡುವ ಅವಕಾಶ ಬೇರೆಲ್ಲೂ ಸಿಗುವುದಿಲ್ಲ. ಇಲ್ಲಿ ಸಿಗುತ್ತದೆ, ಆ ಕ್ಷಣದ ಪ್ರತಿ ಭಾಗವನ್ನೂ ಯಾರಾದರೂ ಎತ್ತಿಟ್ಟಿದ್ದರೆ.